ಬೂದಿಯಲ್ಲಿ ಉಳಿದ ಊರು



ಉತ್ತರ ಹಾಗೂ ದಕ್ಷಿಣ ಅಮೇರಿಕಗಳನ್ನು ಕೂಡಿಸುವ ಕಿರಿದಾದ ನೆಲಪಟ್ಟಿಯನ್ನು ಭೂಪಟದಲ್ಲಿ ನೋಡಿರಿ. ಅಲ್ಲಿ ಪೆಸಿಫಿಕ್ ಸಾಗರದ ದಂಡೆಗೆ ಎಲ್ ಸಾಲ್ವಡೋರ್ ಎಂಬ ಪುಟ್ಟ ದೇಶವಿದೆ. ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರು. ನಮ್ಮ ಲಾತೂರು, ಧಾರಾಶಿವ, ಬೀದರ ಜಿಲ್ಲೆಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ರಾಜಧಾನಿ ಸಾನ್ ಸಾಲ್ವಡೋರ್, ಭಾಷೆ ಸ್ಪ್ಯಾನಿಷ್. ಅದು ಜ್ವಾಲಾಮುಖಿಗಳ ನಾಡು. ನಮಗೆ ಜೋಳವಿದ್ದಂತೆ ಅವರಿಗೆ ಮೆಕ್ಕೆಜೋಳ.

ಸುಮಾರು 1400 ವರ್ಷಗಳ ಹಿಂದೆ ಅಲ್ಲಿಯ ಹೋಯಾ ದೆ ಸೆರೆನ್ ಎಂಬಲ್ಲಿ ಒಕ್ಕಲಿಗರ ಹಳ್ಳಿಯೊಂದು ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತು. ಮನುಷ್ಯರ ಶವಗಳು ಸಿಕ್ಕಿಲ್ಲವಾದ್ದರಿಂದ ಜನರು ಓಡಿ ಪಾರಾಗಿರಬೇಕು. 1976ರಲ್ಲಿ ಬುಲ್ಡೋಜರಿನಿಂದ ನೆಲ ಸಮ ಮಾಡುವಾಗ ಆ ಊರು ಬೆಳಕಿಗೆ ಬಂತು. ಮಣ್ಣಿನ ಮನೆಗಳು, ಗಡಿಗೆಯೊಳಗಿನ ಕಾಳು, ಬೀಸುವ ಕಲ್ಲು, ಹೊಲದ ಬೆಳೆಯ ಗುರುತು, ಎಲ್ಲವೂ ಉಳಿದಿದ್ದವು. 1993ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಯಲ್ಲ, ಗುಡಿಯಲ್ಲ, ಬಡ ರೈತರ ಮನೆಗಳಿಗೆ ಈ ಗೌರವ ಸಂದಿತು!

ಅದೇ 1993ರ ಸಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಕಿಲ್ಲಾರಿ ಭಾಗದಲ್ಲಿ ಭೂಕಂಪವಾಯಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಮಾಳಿಗೆಯ ಮಣ್ಣಿನ ಭಾರವೂ ಮಲಗಿದ್ದವರ ಮೇಲೆ ಕುಸಿದವು. ಸಾವಿರಾರು ಜನ ಮಡಿದರು. ಐವತ್ತಕ್ಕೂ ಹೆಚ್ಚು ಹಳ್ಳಿಗಳು ಬೇರೆ ಜಾಗದಲ್ಲಿ ಹೊಸದಾಗಿ ಎದ್ದವು. ಭದ್ರವಾದ ಮನೆಗಳು ಬೇಕೇ ಬೇಕಿದ್ದವು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಹಳೆಯ ಮನೆ ಹೋದಲ್ಲಿ ಅದರ ಮಾತುಗಳೂ ಹೋಗುತ್ತವೆ. ಪಡಸಾಲೆ, ಬೆಳಕಿಂಡಿ, ಹಗೇವು, ಗ್ವಾದಲಿ ಎಂದರೆ ಏನೆಂದು ನಿಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ? ಪೇಟೆ, ಕಚೇರಿಗಳಲ್ಲಿ ಮರಾಠಿ ನಡೆಯುವ ನಮ್ಮ ಗಡಿನಾಡಿನಲ್ಲಿ ಈ ಮನೆಗನ್ನಡ ಹಿರಿಯರ ಬಾಯಲ್ಲಿ ಮಾತ್ರ ಇದೆ. ಸೆರೆನ್ನನ್ನು ಬೂದಿ ಕಾಯ್ದಿತು. ನಮ್ಮ ಹಳೆಯ ಮನೆಗಳನ್ನು ಕಾಯಲು ಅಂಥ ಬೂದಿಯೂ ಇಲ್ಲ.

ದುಃಖವನ್ನು ಏಕೆ ಕೆದಕಬೇಕೆಂದು ಕೆಲವರು ಕೇಳಬಹುದು. ಸಾವಿನ ಸುದ್ದಿ ಕೇಳಬೇಡಿರಿ. ಬದುಕಿನ ಸುದ್ದಿ ಕೇಳಿರಿ. "ಅಜ್ಜಿ, ಜೋಳ ಎಲ್ಲಿ ತುಂಬಿಡುತ್ತಿದ್ದಿರಿ? ದನ ಎಲ್ಲಿ ಕಟ್ಟುತ್ತಿದ್ದಿರಿ?" ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿರಿ. ಜೊತೆಗೆ ಮನೆಯ ನಕ್ಷೆಯನ್ನೂ ತೆಗೆಯಿರಿ. ಪಾಲಕರು ಮಕ್ಕಳೊಡನೆ ಒಂದು ಸಂಜೆ ಇದಕ್ಕಾಗಿ ಕೂಡಬೇಕು. ಪ್ರತಿ ಮನೆಯಿಂದ ಒಂದೊಂದು ಪುಟ ಬಂದರೂ ಶಾಲೆಯ ಗ್ರಂಥಾಲಯದಲ್ಲಿ ಒಂದು ಊರೇ ಉಳಿದೀತು.