ದೂರು ಮುಚ್ಚುವವರು ಯಾರು?

ಡೊಂಬಿವಲಿಯ ವಾಚಕರೊಬ್ಬರು ಬರೆದು ಕೇಳಿದ್ದಾರೆ: “ಮಗ ಐರೋಳಿಯ ಕಂಪನಿಯೊಂದರಲ್ಲಿದ್ದಾನೆ. ರಾತ್ರಿ ಬಂದು ‘ಇವತ್ತು ಹನ್ನೊಂದು ಟಿಕೆಟ್ ಮುಚ್ಚಿದೆ’ ಎನ್ನುತ್ತಾನೆ. ಮೂವತ್ತು ವರ್ಷ ಲೋಕಲಿನಲ್ಲಿ ಪಾಸು ತೋರಿಸುತ್ತ ಬಂದ ನನಗೆ ಟಿಕೆಟ್ಟನ್ನು ಮುಚ್ಚುವುದೆಂದರೇನೆಂದು ತಿಳಿಯದು. ಇದೂ ಒಂದು ಉದ್ಯೋಗವೇ?”

ಉದ್ಯೋಗವೇ ಹೌದು, ನಮ್ಮಂಥ ಕಾರಕೂನರಿಗಂತೂ ಬಲು ಹಳೆಯ ಪರಿಚಯದ್ದು. ಕಚೇರಿಗೆ ಬಂದ ಕಾಗದಕ್ಕೆ ಆವಕದ ವಹಿಯಲ್ಲಿ ನಂಬರು ಕೊಟ್ಟು, ಯಾರ ಮೇಜಿಗೆ ಹೋಯಿತೆಂದು ಬರೆದು, ವಿಲೇವಾರಿಯಾದ ದಿನ ಷರಾ ಹಾಕುತ್ತೇವಲ್ಲ, ಅದೇ ವಹಿ ಈಗ ಗಣಕಯಂತ್ರದೊಳಗೆ ಹೋಗಿ ಕುಳಿತಿದೆ. ಐರೋಳಿ, ಮಹಾಪೆಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅದರ ಒಂದೊಂದು ನಮೂದಿಗೂ ‘ಟಿಕೆಟ್’ ಎಂದೋ ‘ಇಶ್ಯೂ’ ಎಂದೋ ಹೆಸರು, ಅಷ್ಟೆ.

ಇಂಥ ವಹಿಗಳಲ್ಲಿ ಹೆಸರುವಾಸಿಯಾದದ್ದು ‘ಬಗ್‌ಜಿಲ್ಲಾ’. 1998ರಲ್ಲಿ ಮೊಜಿಲ್ಲಾ ಯೋಜನೆಗಾಗಿ ಟೆರಿ ವೈಸ್‌ಮನ್ ಎಂಬವರು ಇದನ್ನು ಬರೆದರು. ಕಾಸು ಕೊಡದೆ ಯಾರು ಬೇಕಾದರೂ ತಂದು ಬಳಸಬಹುದು. 2002ರಲ್ಲಿ ಆಸ್ಟ್ರೇಲಿಯದಿಂದ ‘ಜಿರಾ’ ಬಂತು. (ನಾವು ಸಾರಿಗೆ ಹಾಕುವ ಜೀರಿಗೆಗೂ ಇದಕ್ಕೂ ನಂಟಿಲ್ಲ.)

ವಹಿ ಎಂದ ಮೇಲೆ ಅದಕ್ಕೊಬ್ಬ ಪಾರುಪತ್ತೆಗಾರ ಬೇಕಷ್ಟೆ. ಯಾವ ಬಗೆಯ ದೂರು ಮೊದಲು ಯಾರ ಹೆಸರಿಗೆ ಹೋಗಬೇಕು, ಯಾರು ತಿದ್ದಬಹುದು, ಯಾರು ಮುಚ್ಚಬಹುದು, ಮುಚ್ಚುವಾಗ ಏನೇನು ಷರಾ ಬರೆಯಬಹುದು, ಇವನ್ನೆಲ್ಲ ಗೊತ್ತು ಮಾಡುವವನು ಅವನೇ. ಹೆಸರಿಗೆ ಇದು ಚಿಕ್ಕ ಕೆಲಸ. ಆದರೆ ನ್ಯಾಯ ಅನ್ಯಾಯಗಳೆರಡೂ ಆ ಚಿಕ್ಕ ಕೆಲಸದಲ್ಲಿಯೇ ಅಡಗಿಕೊಂಡಿವೆ ಎಂದು ನನ್ನ ಅಭಿಪ್ರಾಯ.

ಬಗ್‌ಜಿಲ್ಲಾದ ಕ್ರಮವನ್ನೇ ನೋಡಿ. ಕೆಲಸ ಮಾಡಿದವನು ‘ಪರಿಹಾರವಾಯಿತು’ ಎಂದು ಬರೆದರೆ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಬ್ಬನು ಪರೀಕ್ಷಿಸಿ ‘ತಾಳೆ ನೋಡಿದೆ’ ಎಂದು ಬರೆಯುವ ಮೆಟ್ಟಲೊಂದು ಬೇರೆಯೇ ಉಂಟು. ದೂರು ಕೊಟ್ಟವನು ಒಪ್ಪದಿದ್ದರೆ ಅದನ್ನು ಮತ್ತೆ ತೆರೆಯಬಹುದು. ಷರಾಗಳೂ ಬಗೆಬಗೆ: ಸರಿಪಡಿಸಿದೆ; ಇದು ದೂರೇ ಅಲ್ಲ; ಹಿಂದೆಯೇ ಬಂದ ದೂರು; ನನ್ನಲ್ಲಿ ಸರಿಯಾಗಿಯೇ ಇದೆ. ಕೊನೆಯದು ನಮ್ಮ ಚಾಳಿನ ನಲ್ಲಿಯ ವಿಷಯದಲ್ಲಿ ಕೆಳಮನೆಯವರು ದಿನವೂ ಕೊಡುವ ಉತ್ತರ! ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಷರಾ: ‘ಸರಿಪಡಿಸುವುದಿಲ್ಲ’. ಎಷ್ಟು ನೇರವಾದ ಮಾತು! ಆಗುವುದಿಲ್ಲವೆಂದು ಗೊತ್ತಾದರೆ ಮನುಷ್ಯ ಬೇರೆ ದಾರಿಯನ್ನಾದರೂ ಹುಡುಕುತ್ತಾನೆ.

ನಮ್ಮ ಸರಕಾರಿ ವಹಿಗಳಲ್ಲಿ ಈ ಮಾತಿಗೆ ಅಂಕಣವೇ ಇರುವುದಿಲ್ಲ. ನಾನು ಬಲ್ಲ ಒಬ್ಬ ವಿಧವೆ ತಾಯಿ ಕುಟುಂಬ ಪಿಂಚಣಿಗಾಗಿ ಒಂದು ಕಚೇರಿಗೆ ದೂರು ಕೊಟ್ಟರು. ‘ಸಂಬಂಧಪಟ್ಟ ಶಾಖೆಗೆ ಕಳುಹಿಸಲಾಗಿದೆ’ ಎಂದು ಬರೆದು ಮುಚ್ಚಿದರು. ಎರಡನೆಯ ಸಲ ಕೊಟ್ಟರು, ಹೊಸ ನಂಬರು ಬಂತು, ಅದೂ ಮುಚ್ಚಿತು, ಮೂರನೆಯದೂ ಹಾಗೆಯೇ. ತಖ್ತೆಯಲ್ಲಿ ಮೂರು ವಿಲೇವಾರಿಗಳು, ಆ ತಾಯಿಯ ಕೈಯಲ್ಲಿ ಒಂದು ರೂಪಾಯಿಯೂ ಇಲ್ಲ! ಮೂರನ್ನೂ ‘ಹಿಂದೆಯೇ ಬಂದ ದೂರು’ ಎಂದು ಮೊದಲ ನಂಬರಿಗೆ ಕಟ್ಟಿದ್ದರೆ, ಒಂದೇ ದೂರು ಎಷ್ಟು ತಿಂಗಳಿಂದ ಕಾಯುತ್ತಿದೆಯೆಂಬುದು ಮೇಲಧಿಕಾರಿಯ ಕಣ್ಣಿಗೆ ಬೀಳುತ್ತಿತ್ತು. ಸುಳ್ಳು ಬರೆದವರು ಯಾರೂ ಇಲ್ಲ. ವಹಿಯನ್ನು ಹಾಗೆ ಕಟ್ಟಲಾಗಿತ್ತು.

ಸರಕಾರಗಳು ಸುಮ್ಮನೆ ಕುಳಿತಿವೆಯೆಂದಲ್ಲ. ಕರ್ನಾಟಕದ ‘ಸಕಾಲ’ 2012ರಲ್ಲಿ ಬಂದಾಗ, ತಡವಾದ ಪ್ರತಿ ದಿನಕ್ಕೂ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರವೆಂದು ಗೊತ್ತುಮಾಡಿದರು. ಮಹಾರಾಷ್ಟ್ರದಲ್ಲಿಯೂ 2015ರಲ್ಲಿ ಲೋಕಸೇವಾ ಹಕ್ಕಿನ ಕಾಯದೆಯಾಯಿತು. ಕೇಂದ್ರ ಸರಕಾರದ ದೂರು ವಹಿಯಾದ ‘ಸಿಪಿಗ್ರಾಮ್ಸ್’ 2007ರದು. ಅದರ ಗಡುವನ್ನು 2024ರ ಆಗಸ್ಟಿನಲ್ಲಿ 30ರಿಂದ 21 ದಿನಕ್ಕೆ ಇಳಿಸಿದರು. ಗಡುವು ಒಳ್ಳೆಯದೇ. ಆದರೆ ಗಡಿಯಾರವನ್ನು ಮಾತ್ರ ಬಿಗಿದರೆ ಗುಮಾಸ್ತನು ಇಪ್ಪತ್ತನೆಯ ದಿನ ಹೇಗಾದರೂ ಮುಚ್ಚಿಯೇ ಮುಚ್ಚುತ್ತಾನೆ. ಇದು ಮೇಜಿನ ಈಚೆ ಕುಳಿತವರಿಗೆಲ್ಲ ಗೊತ್ತು. ಅದಕ್ಕಾಗಿಯೇ, ಮುಚ್ಚಿದ ಮೇಲೆ ದೂರುದಾರರಿಗೆ ದೂರವಾಣಿ ಮಾಡಿ ಕೇಳುವ ಮತ್ತು ಅತೃಪ್ತರಾದವರಿಗೆ ಮೇಲ್ಮನವಿಯ ಏರ್ಪಾಡು ಅಲ್ಲಿರುವುದು ನನಗೆ ಗಡುವಿಗಿಂತ ದೊಡ್ಡದಾಗಿ ತೋರುತ್ತದೆ.

ಠಾಣೆ, ಕಲ್ಯಾಣಗಳ ಎಷ್ಟೋ ಹೌಸಿಂಗ್ ಸೊಸೈಟಿಗಳಲ್ಲಿಯೂ ಈಗ ದೂರುಪುಸ್ತಕ ಹೋಗಿ ಮೊಬೈಲು ಬಂದಿದೆ. ಮುಂದಿನ ಸಭೆಯಲ್ಲಿ ಚಹಾ ಬರುವ ಮೊದಲೇ ಒಂದು ಮಾತು ಕೇಳಿ: ದೂರನ್ನು ಮುಚ್ಚುವ ಅಧಿಕಾರ ಕಾರ್ಯದರ್ಶಿಯೊಬ್ಬರಿಗೆಯೇ, ಅಥವಾ ದೂರು ಕೊಟ್ಟವರ ಒಪ್ಪಿಗೆಯೂ ಬೇಕೇ? ಹಳೆಯ ದೂರನ್ನು ಅಳಿಸಿಹಾಕುವ ಗುಂಡಿ ಯಾರ ಕೈಯಲ್ಲಿದೆ? ಬಗ್‌ಜಿಲ್ಲಾದಲ್ಲಿ ಪಾರುಪತ್ತೆಗಾರನು ಬೇಕೆಂದೇ ಅನುಮತಿಸದ ಹೊರತು ಅಳಿಸಲು ಬರುವುದಿಲ್ಲ. ಇನ್ನು ‘ನಿಮ್ಮ ದೂರು ಮುಚ್ಚಲಾಗಿದೆ’ ಎಂಬ ಸಂದೇಶ ಬಂದು ನಲ್ಲಿಯಲ್ಲಿ ನೀರು ಬಾರದಿದ್ದರೆ ಹೊಸ ದೂರು ಕೊಡಬೇಡಿ. ಹಳೆಯ ನಂಬರನ್ನೇ ತೆರೆಸಿ. ತೆರೆಯಲು ಬರುವುದಿಲ್ಲವೆಂದರೆ ಹೊಸದರ ಮೊದಲ ಸಾಲಿನಲ್ಲಿ ಹಳೆಯ ನಂಬರು, ತಾರೀಖು ಬರೆಯಿರಿ.

ಕಲ್ಯಾಣದ ವಾಚಕರು ಕೇಳಿದ ಆಸ್ತಿ ತೆರಿಗೆಯ ಪ್ರಶ್ನೆಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.