ಬರೆದುಕೊಂಡರು, ಹೇಳಲಿಲ್ಲ

ಏಳೂವರೆಗೆ ಹೊರಟರೆ ಚೀಟಿ ಬೇಗ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆ ಹಿಂದಿನ ದಿನವೇ ಹೇಳಿದ್ದರು. ನಾವು ತಾಲ್ಲೂಕು ಆಸ್ಪತ್ರೆ ಮುಟ್ಟಿದಾಗ ಎಂಟೂಕಾಲು. ಸಾಲು ಆಗಲೇ ಗೇಟಿನ ತನಕ ಬಂದಿತ್ತು. ತಿಂಗಳ 9ನೇ ತಾರೀಖು, ಗರ್ಭಿಣಿಯರ ತಪಾಸಣೆಯ ದಿನ. ತಮ್ಮನ ಹೆಂಡತಿಗೆ ಆರು ತಿಂಗಳು. ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಕವರು, ಅದರೊಳಗೆ ತಾಯಿ ಕಾರ್ಡು, ಆಧಾರ್ ಜೆರಾಕ್ಸು, ಎರಡು ಲೀಟರಿನ ನೀರಿನ ಬಾಟಲಿ. ಬೆಂಚು ಮೂರೇ ಇದ್ದವು. ಎಂಟು, ಒಂಬತ್ತು ತಿಂಗಳಾದವರಿಗೆ ಉಳಿದ ಹೆಂಗಸರು ತಾವಾಗಿಯೇ ಜಾಗ ಬಿಟ್ಟು ಗೋಡೆಗೊರಗಿ ನಿಂತಿದ್ದರು. ಚೀಟಿಗೊಂದು ಸಾಲು, ತೂಕಕ್ಕೊಂದು, ಬಿ.ಪಿ.ಗೊಂದು, ರಕ್ತ, ಮೂತ್ರಕ್ಕೊಂದು, ಕೊನೆಗೆ ಡಾಕ್ಟರ ಬಾಗಿಲಲ್ಲಿ ಮತ್ತೊಂದು. ಮೂತ್ರಕ್ಕೆಂದು ಡಬ್ಬಿ ಕೊಟ್ಟರು. ಶೌಚಾಲಯದ ನಲ್ಲಿಯಲ್ಲಿ ನೀರಿರಲಿಲ್ಲ. ಅಷ್ಟು ದೊಡ್ಡ ಬಾಟಲಿ ಯಾಕೆ ಹೊತ್ತು ತಂದಳೆಂದು ನನಗೆ ಆಗ ಗೊತ್ತಾಯಿತು. ಅವಳಿಗದು ಮೂರನೇ ಸಲ.

ನಾನು ಬಾಗಿಲಲ್ಲೇ ಉಳಿದೆ. ಡಾಕ್ಟರು ಸಿಡುಕಿನವರಲ್ಲ. ಹೊಟ್ಟೆ ಮುಟ್ಟಿ ನೋಡಿದರು, ಮಗುವಿನ ಎದೆಬಡಿತ ಕೇಳಿದರು. ‘ಮಾತ್ರೆ ತಗೋತಿದೀಯೇನಮ್ಮಾ?’ ಅಂದರು. ಇವಳು ‘ಹೂಂ’ ಅಂದಳು. ಎರಡು ನಿಮಿಷವೂ ಆಗಿರಲಿಲ್ಲ, ಮುಂದಿನವರು ಒಳಗೆ ಹೋಗಿಯಾಗಿತ್ತು. ನಾವು ಹೊರಗೆ ಬಂದಾಗ ಒಂದು ಗಂಟೆ. ಯಾರೂ ದುಡ್ಡು ಕೇಳಲಿಲ್ಲ, ಗದರಲಿಲ್ಲ. ಅದನ್ನೂ ಹೇಳಬೇಕು.

ಶಕ್ತಿ ಯೋಜನೆಯ ಪುಣ್ಯ, ಬಸ್ಸಿಗೂ ದುಡ್ಡಿಲ್ಲ. ಸೀಟು ಸಿಕ್ಕ ಮೇಲೆ ಕಾರ್ಡು ಬಿಡಿಸಿ ನೋಡಿದೆ. ಮೂರು ತಪಾಸಣೆಯಲ್ಲೂ ಬಿ.ಪಿ. 110/70. ಮೂರಕ್ಕೆ ಮೂರೂ ಒಂದೇ. ಹಿಮೋಗ್ಲೋಬಿನ್ 9.2. ‘ರಕ್ತ ಎಷ್ಟಿದೆ ಅಂದ್ರು?’ ಎಂದು ಕೇಳಿದೆ. ‘ಹೇಳ್ಲಿಲ್ಲ ಅಕ್ಕಾ, ಬರ್ಕೊಂಡ್ರು’ ಅಂದಳು.

ನಮ್ಮ ಸರ್ಕಾರಿ ಗರ್ಭಿಣಿ ಆರೈಕೆ ಎಲ್ಲಿಯವರೆಗೆ ಬಂದು ನಿಂತಿದೆ ಎನ್ನುವುದಕ್ಕೆ ಇದಕ್ಕಿಂತ ಚಿಕ್ಕ ವರದಿ ಬೇಕಿಲ್ಲ. ಹೆಂಗಸರನ್ನು ಆಸ್ಪತ್ರೆಗೆ ಕರೆತರುವ ಕೆಲಸವನ್ನು ಕರ್ನಾಟಕ ಬಹುಮಟ್ಟಿಗೆ ಮುಗಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿದ್ದವು. ಅದೇ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ. 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರು ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ನಮ್ಮಲ್ಲಿ 69. ದೇಶದ ಸರಾಸರಿ 97 ಇತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅಕ್ಕಪಕ್ಕದ ಮನೆಯವರೆಲ್ಲ ನಮಗಿಂತ ಮುಂದಿರುವಾಗ ದೂರದೂರಿನ ಲೆಕ್ಕ ಹಿಡಿದು ಸಮಾಧಾನಪಡುವುದು ಎಷ್ಟು ದಿನ?

9.2ರ ವಿಷಯಕ್ಕೇ ಬರೋಣ. ಗರ್ಭಿಣಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 10ಕ್ಕಿಂತ ಕೆಳಗಿಳಿದರೆ ಮಧ್ಯಮ ಪ್ರಮಾಣದ್ದು, 7ಕ್ಕಿಂತ ಕೆಳಗೆ ತೀವ್ರ. ಎಲ್ಲ ಗರ್ಭಿಣಿಯರಿಗೂ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಕೆಂಪು ಮಾತ್ರೆ. ರಕ್ತ ಕಡಿಮೆಯಿದ್ದವರಿಗೆ ದಿನಕ್ಕೆ ಎರಡು. ನಿಯಮ ಸ್ಪಷ್ಟವಾಗಿದೆ, ಮಾತ್ರೆಗೂ ಬರವಿಲ್ಲ. ಮನೆಗೆ ಬಂದು ತಮ್ಮನ ಹೆಂಡತಿಯನ್ನು ಕೇಳಿದರೆ ಅಡುಗೆಮನೆಯ ಸಾಸಿವೆ ಡಬ್ಬಿಯ ಹಿಂದಿನಿಂದ ಹಾಗೇ ಉಳಿದ ನಾಲ್ಕು ಶೀಟು ತೆಗೆದು ತೋರಿಸಿದಳು. ತಿಂದರೆ ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ. ಹೆದರಿ ಬಿಟ್ಟಿದ್ದಾಳೆ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ದಪ್ಪವಾಗಿ ಕೊನೆಗೆ ಸಿಸೇರಿಯನ್ ಮಾಡಬೇಕಾಗುತ್ತದೆ ಎಂದು ಓರಗಿತ್ತಿ ಬೇರೆ ಹೇಳಿದ್ದಾಳೆ. ಎಂದೋ ಒಂದು ದಿನ ನೆನಪಾದರೆ ಬೆಳಗಿನ ಕಾಫಿ ಜೊತೆಗೇ ನುಂಗುತ್ತಾಳಂತೆ, ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಜೊತೆಗಿದ್ದರೂ ಅದೇ ಕತೆ. ಎರಡಕ್ಕೂ ಕೆಲವು ಗಂಟೆಗಳ ಅಂತರ ಬೇಕು. ಊಟದ ನಂತರ ತಿಂದರೆ ವಾಕರಿಕೆ ಕಡಿಮೆಯಾಗುತ್ತದೆ. ಮಲ ಕಪ್ಪಗಾಗುವುದು ಸಹಜ. ಇಷ್ಟನ್ನು ಹೇಳಲು ಸ್ತ್ರೀರೋಗ ತಜ್ಞರೇ ಆಗಬೇಕಿಲ್ಲ, ಎರಡು ನಿಮಿಷ ಸಾಕು. ಆ ಎರಡು ನಿಮಿಷ ಯಾರ ಪಾಲಿಗೂ ಬಂದಿಲ್ಲ. ದೇಶದಲ್ಲಿ 180 ದಿನ ಮಾತ್ರೆ ತಿಂದ ತಾಯಂದಿರು ನೂರಕ್ಕೆ 26 ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಉಳಿದವರ ಮನೆಗಳಲ್ಲೂ ಒಂದೊಂದು ಸಾಸಿವೆ ಡಬ್ಬಿ ಇದ್ದೀತು.

ಬಿ.ಪಿ.ಯ ಕತೆ ಇನ್ನೂ ಸೂಕ್ಷ್ಮ. ಒಂದು ಪಟ್ಟಿ, ಒಂದು ಯಂತ್ರ: ಬಸುರಿಯ ಜೀವ ಉಳಿಸುವ ಉಪಕರಣಗಳಲ್ಲಿ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ಐದು ತಿಂಗಳ ಮೇಲೆ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ನಂಜಿನ ಮುನ್ಸೂಚನೆ. ಮುಖ ಊದುವುದು, ತಲೆನೋವು ನಿಲ್ಲದಿರುವುದು, ಕಣ್ಣು ಮಂಜಾಗುವುದು ಅದರ ಲಕ್ಷಣಗಳು. ನಿಂತು ನಿಂತು ಸುಸ್ತಾದವಳನ್ನು ಕೂರಿಸಿದ ಕ್ಷಣವೇ ಬ್ಲೌಸಿನ ತೋಳಿನ ಮೇಲೆ ಪಟ್ಟಿ ಸುತ್ತಿ ಅಳೆದ ಅಂಕಿ ಎಷ್ಟು ನಂಬಿಕೆಗೆ ಅರ್ಹ? ಮೂರು ಸಲವೂ 110/70 ಬಂದದ್ದು ಕಾಕತಾಳೀಯವೇ ಇರಬಹುದು. ಆದರೆ ಅಂಕಿಯನ್ನು ಗಟ್ಟಿಯಾಗಿ ಹೇಳುವ ರೂಢಿ ಇದ್ದರೆ, ಅಳೆಯದೆ ಬರೆಯುವ ರೂಢಿ ಬೆಳೆಯಲು ಜಾಗವೇ ಇರುವುದಿಲ್ಲ.

ಅಪಾಯದ ಬಸಿರು ಎಂದಾದರೆ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುವ ಪದ್ಧತಿಯಿದೆ. ಸಾಲಿನಲ್ಲಿದ್ದ ಒಬ್ಬಾಕೆಯ ಕಾರ್ಡಿನಲ್ಲಿ ಅದು ಕಂಡಿತು. ಯಾಕೆ ಅಂಟಿಸಿದ್ದಾರೆ ಎಂದು ಕೇಳಿದೆ. ‘ಬೇಗ ಒಳಗೆ ಬಿಡ್ತಾರಂತೆ’ ಎಂದರು.

ಇನ್ನು ತವರಿನ ಮಾತು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿಕೊಂಡು ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ಮಗಳನ್ನು ಕರೆದೊಯ್ಯುತ್ತಾರೆ. ಅಪಾಯ ಹೆಚ್ಚುವ ಹೊತ್ತಿಗೇ ಆಶಾ ಬೇರೆ, ನರ್ಸ್ ಬೇರೆ, ಡಾಕ್ಟರು ಬೇರೆ. ಕಂಪ್ಯೂಟರಿನಲ್ಲಿ ನೋಂದಣಿ ಸಂಖ್ಯೆ ಇರುತ್ತದೆ ನಿಜ. ಇವಳಿಗೆ ಮಾತ್ರೆ ಹಿಡಿಸುವುದಿಲ್ಲ, ಗಂಡ ಕುಡಿಯುತ್ತಾನೆ, ಅಕ್ಕನಿಗೆ ಹೆರಿಗೆಯಲ್ಲಿ ನಂಜಾಗಿತ್ತು ಎಂಬುದೆಲ್ಲ ಅಲ್ಲಿರುವುದಿಲ್ಲ. ಅವು ಹಳೆಯ ಊರಿನ ಆಶಾ ತಲೆಯಲ್ಲಿ ಮಾತ್ರ ಇರುತ್ತವೆ. ಜನನಿ ಸುರಕ್ಷಾ ಯೋಜನೆಯಲ್ಲಿ ಗ್ರಾಮೀಣ ಆಶಾಗೆ ಗರ್ಭಿಣಿಯ ತಪಾಸಣೆಗಳಿಗೆ 300 ರೂಪಾಯಿ, ಆಸ್ಪತ್ರೆ ಹೆರಿಗೆಗೆ 300 ರೂಪಾಯಿ. ತವರೂರಿನ ಆಶಾಗೆ ಫೋನ್ ಮಾಡಿ ‘ನಮ್ಮ ಹುಡುಗಿ ನಿಮ್ಮೂರಿಗೆ ಬರ್ತಿದಾಳೆ, ರಕ್ತ ಕಡಿಮೆ ಇದೆ, ನೋಡ್ಕೊಳ್ಳಿ’ ಎನ್ನುವುದಕ್ಕೆ ಆ ಲೆಕ್ಕದಲ್ಲಿ ಕಾಲಮ್ ಇಲ್ಲ. ಕನ್ನಡನಾಡಿನ ಮನೆಮನೆಗೂ ಗೊತ್ತಿರುವ ಪದ್ಧತಿಯೊಂದು ಯೋಜನೆ ಬರೆದವರ ಮೇಜಿಗೆ ತಲುಪಿಯೇ ಇಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಐ.ವಿ. ದ್ರಾವಣದ ಗುಣಮಟ್ಟ ಇಡೀ ರಾಜ್ಯದ ಚರ್ಚೆಯಾಯಿತು. ಆಗಲೇಬೇಕಿತ್ತು. ಆದರೆ ಹೆರಿಗೆ ಕೋಣೆಯ ಬಾಗಿಲಿಗೆ ಬರುವ ಮೊದಲಿನ ಒಂಬತ್ತು ತಿಂಗಳ ಬಗ್ಗೆ ವಿಧಾನಸೌಧದಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ. ಬೇರೆಯವರು ತಡೆದುಕೊಳ್ಳುವಷ್ಟು ರಕ್ತಸ್ರಾವವನ್ನು ರಕ್ತ ಕಡಿಮೆಯಿದ್ದ ಹೆಂಗಸಿನ ಮೈ ತಡೆದುಕೊಳ್ಳುವುದಿಲ್ಲ. ಅಂಥ ಸಾವಿನ ಬೇರು ಆರನೇ ತಿಂಗಳಲ್ಲೇ ಇರುತ್ತದೆ.

ನರ್ಸುಗಳನ್ನು ದೂರಿ ಪ್ರಯೋಜನವಿಲ್ಲ. ಆ ದಿನ ಬಿ.ಪಿ. ನೋಡುತ್ತಿದ್ದ ಸಿಸ್ಟರ್ ಮುಂದೆ ಮೂರು ದೊಡ್ಡ ರಿಜಿಸ್ಟರುಗಳಿದ್ದವು. ಅದರ ಮೇಲೆ ಕಂಪ್ಯೂಟರಿಗೆ ಏರಿಸುವ ಕೆಲಸ. ಮೇಲಿನವರು ಕೇಳುವುದು ಎಷ್ಟು ಜನ ಬಂದರು ಎಂದು, ಹಾಗಾಗಿ ಕೆಳಗಿನವರು ಎಣಿಸುತ್ತಾರೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಗೆ ಕನಿಷ್ಠ ಎಂಟು ಸಲದ ಆರೈಕೆ ಬೇಕೆಂದಾಗ ‘ಭೇಟಿ’ ಎಂಬ ಮಾತು ಬಿಟ್ಟು ‘ಸಂಪರ್ಕ’ ಎಂಬ ಮಾತನ್ನು ಬೇಕೆಂದೇ ಆರಿಸಿಕೊಂಡಿತು. ನಾವಿನ್ನೂ ನಾಲ್ಕು ಭೇಟಿ ಆಯಿತೇ ಎಂಬಲ್ಲೇ ಇದ್ದೇವೆ.

ಆರೋಗ್ಯ ಇಲಾಖೆಗೆ ಹೊಸ ಯೋಜನೆ, ಹೊಸ ಹೆಸರು, ಹೊಸ ಉದ್ಘಾಟನೆ ಬೇಡ. ಬಿ.ಪಿ. ಮತ್ತು ರಕ್ತದ ಅಂಕಿಯನ್ನು ಆಕೆಗೆ ಕೇಳುವಂತೆ ಹೇಳಿ ಆಮೇಲೆ ಬರೆಯಬೇಕೆಂದು ಒಂದು ಸುತ್ತೋಲೆ ಹೊರಡಿಸಲಿ. ಜೊತೆಗೆ ಬಂದ ಒಬ್ಬರನ್ನು ಡಾಕ್ಟರ ಕೋಣೆಯೊಳಗೆ ಬಿಡಲಿ. ಆ ಹೊತ್ತಿನಲ್ಲಿ ಅವಳಿಗೆ ಹೊಳೆಯದ ಪ್ರಶ್ನೆ ಜೊತೆಗಿದ್ದವರಿಗೆ ಹೊಳೆಯುತ್ತದೆ. ತವರಿಗೆ ಹೋಗುವ ಬಸುರಿಯ ಬಗ್ಗೆ ಆಶಾ ಮಾಡುವ ಒಂದು ಫೋನಿಗೂ ಗೌರವಧನದಲ್ಲಿ ಜಾಗವಿರಲಿ. ಮುಂದಿನ 9ನೇ ತಾರೀಖಿನ ಒಳಗೆ ಇದಾವುದೂ ಆಗದಿದ್ದರೆ, ಶೌಚಾಲಯದ ನಲ್ಲಿಗೆ ನೀರನ್ನಾದರೂ ಬಿಡಿಸಿ.