ತಿಳಿದರೂ ಅಳಿಯದ ಭ್ರಮೆ

ಹುಣ್ಣಿಮೆಯ ಸಂಜೆ ದಿಗಂತದಲ್ಲಿ ಮೂಡುವ ಚಂದ್ರ ಹರಿವಾಣದಷ್ಟು ಹಿರಿಯನು, ನೆತ್ತಿಗೇರಿದಾಗ ಬಟ್ಟಲಿನಷ್ಟೇ. ಅಳೆದು ನೋಡಿದರೆ ಎರಡೂ ಒಂದೇ: ಸುಮಾರು ಅರ್ಧ ಡಿಗ್ರಿ. ಇದನ್ನು ಬಲ್ಲ ಖಗೋಳಜ್ಞನ ಕಣ್ಣಿಗೂ ಉದಯಚಂದ್ರ ಹಿರಿದಾಗಿಯೇ ತೋರುತ್ತಾನೆ. ಆತ ಮೋಸಹೋಗುವುದಿಲ್ಲ, ಅಷ್ಟೆ.

ಜರ್ಮನ್ ತತ್ತ್ವಜ್ಞ ಇಮ್ಯಾನುಯೆಲ್ ಕಾಂಟ್ 1781ರಲ್ಲಿ ಪ್ರಕಟವಾದ ‘ಶುದ್ಧ ಬುದ್ಧಿಯ ವಿಮರ್ಶೆ’ಯಲ್ಲಿ ಈ ದೃಷ್ಟಾಂತವನ್ನಿತ್ತು, ಮನುಷ್ಯನ ಬುದ್ಧಿಗೂ ಇಂಥದೇ ಭ್ರಮೆಯೊಂದು ಸಹಜವಾಗಿ ಅಂಟಿದೆಯೆಂದ. ಕಾರಣಕ್ಕೆ ಕಾರಣವನ್ನು ಅರಸುವುದು ಬುದ್ಧಿಯ ಧರ್ಮ. ಆ ಸರಪಣಿಗೆ ಕೊನೆಯ ಕೊಂಡಿಯೊಂದು ಇರಲೇಬೇಕೆಂದು ಅದು ಬಗೆಯುತ್ತದೆ. ಬಗೆದುದನ್ನೇ ಅರಿತೆನೆಂದು ತಿಳಿಯುತ್ತದೆ. ಆತ್ಮ, ಜಗತ್ತಿನ ಆದಿ, ಈಶ್ವರ ಇವುಗಳ ವಿಷಯದಲ್ಲಿ ಮುಗಿಯದ ವಾದಗಳು ಹುಟ್ಟುವುದು ಹೀಗೆ.

ಹಗ್ಗವೆಂದು ತಿಳಿದೊಡನೆ ಹಾವು ಮಾಯವಾಗುತ್ತದೆ. ಈ ಭ್ರಮೆ ಹಾಗಲ್ಲ. ದಾಸವಾಳದ ಬಳಿಯಿರಿಸಿದ ಸ್ಫಟಿಕ, ಅದಕ್ಕೆ ಬಣ್ಣವಿಲ್ಲವೆಂದು ಬಲ್ಲವನಿಗೂ ಕೆಂಪಾಗಿಯೇ ಕಾಣುವುದಿಲ್ಲವೆ? ನಮ್ಮ ವೇದಾಂತಿಗಳು ಇದನ್ನು ಸೋಪಾಧಿಕ ಭ್ರಮವೆಂದರು.

ಹಾಗಾದರೆ ಇದು ಬರಿಯ ಕೇಡೆ? ಕಾಂಟ್ ಹಾಗೆನ್ನಲಿಲ್ಲ. ಕನ್ನಡಿಯ ಹಿಂದೆ ಯಾವ ವಸ್ತುವೂ ಇಲ್ಲ. ಆದರೂ ನಮ್ಮ ಬೆನ್ನ ಹಿಂದಿನದು ಕಾಣುವುದು ಆ ತೋರಿಕೆಯಿಂದಲೇ. ಎಲ್ಲವನ್ನೂ ಒಂದಾಗಿ ಕಾಣುವ ಹಂಬಲವಿಲ್ಲದಿದ್ದರೆ ನಮ್ಮ ಅರಿವು ಚೂರುಚೂರಾಗಿಯೇ ಉಳಿಯುತ್ತಿತ್ತು.

ನನ್ನ ತಂದೆಯವರು ತೀರಿಕೊಂಡ ವಾರ ಆರು ವರ್ಷದ ಮಗಳು ಕೇಳಿದಳು: “ತಾತ ಈಗ ಎಲ್ಲಿದ್ದಾರೆ, ಅಪ್ಪಾ?” ಕಾಂಟನನ್ನು ಓದಿದ್ದ ನಾನೂ ಒಳಗೊಳಗೆ ಅದನ್ನೇ ಕೇಳಿಕೊಳ್ಳುತ್ತಿದ್ದೆ. “ಗೊತ್ತಿಲ್ಲಮ್ಮ” ಎಂದೆ. ಕೇಳಬೇಡವೆನ್ನಲು ಮಾತ್ರ ಬಾಯಿ ಬರಲಿಲ್ಲ.